ಅತ್ತೆಯ ಹೆಸರಿನ ಮಗು

ನನ್ನ ಗಂಡನ ಮನೆಯವರು ಕೇರಳದ ಕ್ರೈಸ್ತರು. ಮಾವನವರಿಗೆ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ತುಮಕೂರಿಗೆ ಬಂದು ಇಲ್ಲೇ ನೆಲೆ ನಿಂತವರು. ಅವರಲ್ಲಿ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುತ್ತಾರೆ. ಗುಬ್ಬಿಯ ನಮ್ಮ ಮನೆಯಲ್ಲಿ ಸೊಸೆ ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ನನಗೆ ಮಗಳು ಹುಟ್ಟಿದಾಗ ಈ ಎರಡು ಪದ್ಧತಿಗಳೂ ಒಂದೇ ತೊಟ್ಟಿಲ ಬಳಿ ಎದುರಾದವು. ಮೊಮ್ಮಗಳಿಗೆ ತಮ್ಮ ಹೆಸರು ಬರಬೇಕೆಂಬ ಆಸೆ ಅತ್ತೆಗಿತ್ತು, ಬಾಯಿಬಿಟ್ಟು ಕೇಳಿರಲಿಲ್ಲ. ನನಗೂ ಒಪ್ಪಿಗೆಯೇ. ಆದರೆ ಹಾಗೆ ಕರೆಯಲು ನಾಲಿಗೆ ಹೊರಳುತ್ತದೆಯೇ ಎಂಬುದು ಗೊತ್ತಿರಲಿಲ್ಲ.

ಮಗು ನೋಡಲು ಬಂದ ನನ್ನ ಅಜ್ಜಿ ಅತ್ತೆಯ ಮುಂದೆಯೇ ಕೇಳಿಬಿಟ್ಟರು: "ಅಲ್ಲ ಕಣೇ, ನಿಮ್ಮತ್ತೆ ಹೆಸ್ರಿಟ್ರೆ ನಾಳೆ ಮಗೀನ ಹೆಂಗೆ ಬಯ್ತೀಯಾ? ಅತ್ತೇನೇ ಬಯ್ದಂಗಾಗಲ್ವಾ?"

ನನಗೆ ಮುಖ ಎತ್ತಲಾಗಲಿಲ್ಲ. ಅತ್ತೆ ನಕ್ಕರು. "ನನ್ಗೂ ನಮ್ಮಜ್ಜಿ ಹೆಸ್ರೇ ಇಟ್ಟಿದ್ದು ಅಮ್ಮಾ. ನಮ್ಮಮ್ಮ ಅಜ್ಜಿ ಮೇಲಿನ ಸಿಟ್ಟೆಲ್ಲ ನನ್ನ ಹೆಸ್ರು ಹಿಡ್ದು ಕೂಗಿ ತೀರಿಸ್ಕೋತಿದ್ರು. ಅಜ್ಜಿ ಏನೂ ಕೇಳಿಸ್ದೇ ಇರೋರ ಥರ ಕೂತಿರ್ತಿದ್ರು."

"ಅಯ್ಯೋ, ಇದು ನಮ್ ಕಾಲ್ದಾಗೆ ಗೊತ್ತಿದ್ದಿದ್ರೆ!" ಎಂದರು ಅಜ್ಜಿ. ಅವರ ಅತ್ತೆ ಎಂಥವರಿದ್ದರೋ ಎಂದು ನನಗೆ ಮೊದಲ ಬಾರಿ ಕುತೂಹಲವಾಯಿತು.

ಅದೇ ಹೆಸರಿಟ್ಟೆವು. ನಾಮಕರಣದ ಸಂಜೆ ಮಗು ಹಾಲು ಕುಡಿಯದೆ ಹಟ ಮಾಡಿತು. ಅತ್ತೆ ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದರು. ನಾನು ಹೆಸರು ಹಿಡಿದು ಮೆಲ್ಲಗೆ ಗದರಿದೆ.

"ಹಂಗಂದ್ರೆ ಯಾರಿಗೆ ಕೇಳ್ಸುತ್ತೆ? ಇನ್ನೂ ಜೋರಾಗಿ ಬಯ್ಯಮ್ಮ," ಎಂದರು ಅತ್ತೆ.