ಹುಳ ಸಾಕಿದ ಟೀಚರಮ್ಮ

ಜೀವಮಾನದಲ್ಲಿ ನಾನು ತೋರಿಸಿದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿದರೂ ಹತ್ತು ದಿನಕ್ಕೆ ಮೀರಲಾರದು. ನನ್ನ ವಾರಿಗೆಯವರು ದೇಶಕ್ಕಾಗಿ ಜೈಲಿಗೆ ಹೋಗುತ್ತಿದ್ದ ಕಾಲ ಅದು. ನಾನು ಮೊಂಡು ಹಿಡಿದದ್ದು ಹುಳಗಳಿಗಾಗಿ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ.

ಕೋಲಾರದಲ್ಲಿದ್ದ ನನ್ನ ಗಂಡ ಇನ್ನೊಂದು ಮದುವೆ ಮಾಡಿಕೊಂಡಾಗ ಟ್ರಂಕು ಹಿಡಿದು ಹೊರಟವಳು ನಾನು. ಶ್ರೀನಿವಾಸಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಊರಿನವರು ಮೊದಲು ನನ್ನ ಪಾಠ ಹೇಗೆಂದು ಕೇಳಲಿಲ್ಲ, ಗಂಡ ಎಲ್ಲೆಂದು ಕೇಳಿದರು. ಉತ್ತರ ಹೇಳಿ ಹೇಳಿ ಬೇಜಾರಾಗಿ ಶಾಲೆಯ ಅಂಗಳದಲ್ಲಿ ಹೂಗಿಡ ಹಾಕಲು ಶುರುಮಾಡಿದೆ. ಗಿಡಗಳು ಏನನ್ನೂ ಕೇಳುವುದಿಲ್ಲ.

ಚೆಂಡುಹೂ, ಕೇಪಳ, ದಾಸವಾಳ ಎಲ್ಲ ಅರಳಿದವು. ಚಿಟ್ಟೆಗಳು ಬಂದವು, ಒಂದು ಗಳಿಗೆ ಕೂತವು, ಹೋದವು. ಬೇಲಿಯಲ್ಲಿದ್ದ ಎಕ್ಕದ ಗಿಡವನ್ನು ಕಿತ್ತು ಅಲ್ಲೂ ಹೂ ಹಾಕೋಣವೆಂದು ಕೈ ಇಟ್ಟಾಗ, ಶಾಲೆಗೆ ನೀರು ತಂದು ಹಾಕುತ್ತಿದ್ದ ಮುನಿಯಮ್ಮ ಓಡಿಬಂದಳು. ಆವನಿಯ ಕಡೆಯವಳು, ಮಾತಿನಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ.

"ಅಯ್ಯಯ್ಯೋ, ವದ್ದಮ್ಮಾ! ಅದನ್ನ ಕೀಳ್ಬೇಡಿ. ಹೂವಿದ್ರೆ ಬರೀ ಊಟಕ್ಕೆ ಬರ್ತಾವೆ. ಎಕ್ಕ ಇದ್ರೆ ಬಾಣಂತನಕ್ಕೆ ಬರ್ತಾವೆ."

ಎಲೆ ಮಗುಚಿ ತೋರಿಸಿದಳು. ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು ಜಗತ್ತಿನ ಗೊಡವೆಯಿಲ್ಲದೆ ಮೇಯುತ್ತಿದ್ದವು. ಪಕ್ಕದ ನಿಂಬೆಗಿಡದ ಹುಳವೊಂದನ್ನು ಕಡ್ಡಿಯಿಂದ ಮುಟ್ಟಿದೆ. ಕಿರುಬೆರಳಿನಷ್ಟೂ ಇಲ್ಲದ ಆ ಪ್ರಾಣಿ ತಲೆಯೆತ್ತಿ ನನಗೆ ಎರಡು ಕೆಂಪು ಕೊಂಬು ತೋರಿಸಿ ಹೆದರಿಸಿತು! ಆ ಕ್ಷಣದಿಂದ ನನಗೆ ಹುಳಗಳ ಮೇಲೆ ಗೌರವ ಹುಟ್ಟಿತು.

ಮುನಿಯಮ್ಮ ಚಿಟ್ಟೆಯನ್ನು ತೆಲುಗಿನಲ್ಲಿ ಸೀತಾಕೋಕಚಿಲುಕ ಎನ್ನುತ್ತಿದ್ದಳು. ಕೋಕ ಎಂದರೆ ಸೀರೆ. ಕಾಡಿಗೆ ಹೋದ ಸೀತಮ್ಮ ಅವರ ಊರಿನ ಬೆಟ್ಟದಲ್ಲೇ ಇದ್ದಳೆಂದೂ ಅವಳ ಸೀರೆಯ ಚೂರುಗಳೇ ಹೀಗೆ ಹಾರುತ್ತಿವೆಯೆಂದೂ ಮುನಿಯಮ್ಮನ ನಂಬಿಕೆ. ನಮ್ಮ ಕನ್ನಡವೋ ಅದೇ ಜೀವಕ್ಕೆ ಪಾತರಗಿತ್ತಿ ಎಂದು ಹೆಸರಿಟ್ಟು ಸಭೆಯಲ್ಲಿ ಕುಣಿಯುವ ಪಾತರದವಳನ್ನಾಗಿ ಮಾಡಿತು. ಒಂದು ಹುಳಕ್ಕೆ ರೆಕ್ಕೆ ಬಂದರೆ ಯಾರು ಯಾರು ಏನೇನು ಕಾಣುತ್ತಾರೋ!

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಜೋರಾಗಿ ಆಹಾರಕ್ಕೆ ಕೊರತೆ ಬಂತು. ಖಾಲಿ ಜಾಗದಲ್ಲೆಲ್ಲ ತರಕಾರಿ ಬೆಳೆಯಿರಿ ಎಂದು ಸರ್ಕಾರದ ಅಪ್ಪಣೆಯಾಯಿತು. ತಪ್ಪೇನಿಲ್ಲ. ಅಂಗಳದ ಬಹುಪಾಲು ಅಗೆದು ಹುಡುಗಿಯರೂ ನಾನೂ ಬದನೆ, ಸೋರೆ, ದಂಟು ಹಾಕಿದೆವು. ಬೇಲಿಯಂಚನ್ನು ಮಾತ್ರ ಮುಟ್ಟಲಿಲ್ಲ. ಒಂದು ಶುಕ್ರವಾರ ಶಾಲೆಯ ಸಮಿತಿಯ ಅಧ್ಯಕ್ಷರಾದ ಚೌಡಪ್ಪನವರು ನೋಡಲು ಬಂದರು. ಬದನೆಯನ್ನು ದಾಟಿ ನೇರ ಎಕ್ಕದ ಮುಂದೆ ನಿಂತರು.

"ಏನಮ್ಮಾ ಇದು? ತರಕಾರಿ ಬೆಳೀರಿ ಅಂದ್ರೆ ಹುಳ ಸಾಕ್ತಾ ಇದೀರಲ್ಲ!"

"ನಿಮ್ಮ ಮನೇಲೂ ಹುಳ ಸಾಕ್ತೀರಲ್ಲ ಸ್ವಾಮಿ," ಎಂದೆ. ಅವರದು ದೊಡ್ಡ ಹಿಪ್ಪುನೇರಳೆ ತೋಟ.

"ಅದು ರೇಷ್ಮೆ ಹುಳ!"

"ಅದನ್ನ ಬೇಯಿಸ್ತೀರಿ. ನಾವು ಹಾರೋಕೆ ಬಿಡ್ತೀವಿ. ಅಷ್ಟೇ ವ್ಯತ್ಯಾಸ."

ಅವರ ಮುಖ ಕೆಂಪಾಯಿತು. "ಸೋಮವಾರ ಆಳು ಕಳಿಸ್ತೀನಿ, ಎಲ್ಲಾ ಕೀಳಿಸಿ. ಹೆಣ್ಣುಮಕ್ಕಳ ಸ್ಕೂಲಲ್ಲಿ ಪಾತರಗಿತ್ತಿಗಳಿಗೇನು ಕೆಲಸ? ಇರೋ ಒಬ್ಬಳೇ ಸಾಕು."

ಆ ಕೊನೆಯ ಮಾತು ಚಿಟ್ಟೆಗೆ ಹೇಳಿದ್ದಲ್ಲ. ಹುಡುಗಿಯರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ಆದರೆ ಮನೆಗೆ ಹೋಗಿ ಅತ್ತುಬಿಟ್ಟೆ, ಅದನ್ನೂ ಹೇಳಬೇಕು.

ಸೋಮವಾರ ಬೆಳಿಗ್ಗೆ ಕಪ್ಪುಹಲಗೆಯನ್ನು ಹೊರಗೆ ತಂದು ಬೇಲಿಗೆ ಒರಗಿಸಿದೆ. ಹುಡುಗಿಯರನ್ನು ಎಕ್ಕದ ಸುತ್ತ ಕೂರಿಸಿದೆ. ಗುದ್ದಲಿ ಹಿಡಿದು ಬಂದ ಇಬ್ಬರು ಆಳುಗಳು ಅಷ್ಟೊಂದು ಜಡೆಗಳ ನಡುವೆ ಏಟು ಹಾಕುವುದೆಲ್ಲಿ ಎಂದು ನೋಡಿ ಹಿಂತಿರುಗಿದರು. ಮಂಗಳವಾರವೂ ಪಾಠ ಅಲ್ಲೇ, ಬುಧವಾರವೂ ಅಲ್ಲೇ. ಲೆಕ್ಕ, ವ್ಯಾಕರಣ, ಮಗ್ಗಿ, ಎಲ್ಲವೂ ಬಿಸಿಲಿನಲ್ಲಿ. ನನ್ನ ಮೂಗು ಸುಲಿದುಹೋಯಿತು. ಸಮಿತಿಯಿಂದ ಸಮಜಾಯಿಷಿ ಕೇಳಿ ಕಾಗದ ಬಂತು. "ಗಿಡ ಕೀಳುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ನಾನು ಬರೆದವುಗಳಲ್ಲೆಲ್ಲ ಚೆನ್ನಾಗಿ ಬಂದ ವಾಕ್ಯ ಅದು.

ಎರಡನೆಯ ಬುಧವಾರ ಚೌಡಪ್ಪನವರೇ ಬಂದರು. ಬೇಲಿಯ ಬಳಿ ಗಲಾಟೆಯಿಲ್ಲ, ಗುಸುಗುಸುವೂ ಇಲ್ಲ. ಎಲೆಯಡಿ ನೇತಾಡುತ್ತಿದ್ದ ಹಸಿರು ಗೂಡೊಂದು ಆಗತಾನೆ ಬಿರಿದಿತ್ತು. ಒದ್ದೆ ಬಟ್ಟೆಯಂತೆ ಮುದುಡಿದ ರೆಕ್ಕೆಗಳನ್ನು ಚಿಟ್ಟೆ ನಿಧಾನವಾಗಿ ಬಿಡಿಸುತ್ತಿತ್ತು.

"ಎಲ್ಲಿ ಟೀಚರಮ್ಮ?" ಎಂದು ಅವರು ಗುಡುಗಿದರು.

ಮುಂದಿನ ಸಾಲಿನಿಂದ ಅವರ ಮೊಮ್ಮಗಳು ರತ್ನ ತಿರುಗಿ, "ತಾತಾ, ಮೆಲ್ಲಗೆ! ಇನ್ನೂ ರೆಕ್ಕೆ ಒಣಗಿಲ್ಲ," ಎಂದಳು.

ಕಿತ್ತಳೆ ಬಣ್ಣದ ಆ ರೆಕ್ಕೆ ಒಣಗಿ, ಚಿಟ್ಟೆ ಬೇಲಿ ದಾಟುವವರೆಗೆ ಅವರು ಕೋಲೂರಿಕೊಂಡು ನಿಂತೇ ಇದ್ದರು. ಆಮೇಲೆ ನನ್ನತ್ತ ನೋಡದೆ ಹೊರಟುಹೋದರು. ಗುದ್ದಲಿ ಮತ್ತೆ ಬರಲಿಲ್ಲ.

ಅವರ ಮನಸ್ಸು ಕರಗಿತು ಎಂದು ಬರೆದರೆ ಕಥೆ ಸೊಗಸಾಗುತ್ತಿತ್ತು. ಹಾಗಾಗಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಮುಂದಿನ ವರ್ಷ ನನ್ನ ಅಗತ್ಯವಿಲ್ಲವೆಂದು ತಿಳಿಸಿದರು. ಗಿಡ ಉಳಿಯಿತು, ಕೆಲಸ ಹೋಯಿತು. ಇಷ್ಟು ವರ್ಷಗಳಾದ ಮೇಲೂ ಆ ವ್ಯಾಪಾರದಲ್ಲಿ ಮೋಸಹೋದೆ ಎಂದು ನನಗೆ ಅನ್ನಿಸಿಲ್ಲ.

ಮೂರು ತಿಂಗಳು ಅಲೆದ ಮೇಲೆ ಮಾಲೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಹೆಡ್ಮಿಸ್ಟ್ರೆಸ್ಸು ಎತ್ತರದ, ನಗದ ಹೆಂಗಸು. ನನ್ನ ಕಾಗದಗಳನ್ನು ನೋಡಿ ಕನ್ನಡಕ ಕೆಳಗಿಳಿಸಿದರು.

"ಶ್ರೀನಿವಾಸಪುರದಲ್ಲಿ ಏನೋ ಗಲಾಟೆ ಮಾಡಿದ್ರಂತೆ?"

ಸುಳ್ಳು ಹೇಳಬಹುದಿತ್ತು. "ಹೌದು, ಮಾಡಿದೆ," ಎಂದೆ. "ಇನ್ನೊಂದ್ಸಲ ಆದ್ರೂ ಮಾಡ್ತೀನಿ."

ಅವರು ಕಿಟಕಿಯಾಚೆ ಇಟ್ಟಿಗೆಗೂಡುಗಳ ಧೂಳು ಕೂತಿದ್ದ ಬೋಳು ಅಂಗಳವನ್ನು ನೋಡಿದರು.

"ಇಲ್ಲಿ ನೆಲ ಗಟ್ಟಿ ಕಣಮ್ಮ. ಮಳೆ ಬರೋಕೆ ಮುಂಚೆನೇ ಗಿಡಕ್ಕೆ ಗುಂಡಿ ತೋಡಿಸ್ಬಿಡಿ."