ಬಿಟ್ಟಿ ಡ್ರಿಪ್ಪಿನ ಮುಯ್ಯಿ

1994ರ ಮುಂಗಾರಿನ ನಾಟಿ ಶುರುವಾದಾಗ ಕಿರಂಗೂರಿನ ನನ್ನ ಸೋದರತ್ತೆಯ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಉಗುರುಗಳು ಕಪ್ಪಾಗಿದ್ದವು. ನೋಡಲು ಹೋದಾಗ ತಲೆಯ ಮೇಲಿನ ಸೆರಗು ಸರಿಸಿ ತೋರಿಸಿ, "ಬಾಚಣಿಗೆ ಖರ್ಚು ಉಳೀತು ಕಣ್ಲಾ" ಎಂದು ನಕ್ಕರು.

ಸ್ತನದ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಬೆಂಗಳೂರಿನ ಡಾಕ್ಟರು ಎರಡು ದಾರಿ ಹೇಳಿದ್ದರು. ಮೂರು ವಾರಕ್ಕೊಮ್ಮೆ ಬಂದು ಡ್ರಿಪ್ಪು ಹಾಕಿಸಿಕೊಳ್ಳುವುದು. ಔಷಧಿ ಆಸ್ಪತ್ರೆಯದೇ, ಬಿಟ್ಟಿ. ಇಲ್ಲವೇ ಮನೆಯಲ್ಲೇ ಗುಳಿಗೆ ನುಂಗುವುದು; ಅದನ್ನು ಹೊರಗಿನ ಅಂಗಡಿಯಲ್ಲಿ ಕೊಳ್ಳಬೇಕು. ಇವರ ಕಾಯಿಲೆಗೆ ಯಾವುದಾದರೂ ಆದೀತು ಎಂದರು. ನಾನು ಅಲ್ಲೇ ಇದ್ದೆ.

ಅತ್ತೆ ಗುಳಿಗೆ ಕೇಳಿದರು. ನಾಗಮಂಗಲದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಒಬ್ಬನೇ ಮಗ ಒಪ್ಪಲಿಲ್ಲ.

"ಬಿಟ್ಟಿ ಸಿಗೋದ ಬುಟ್ಟು ದುಡ್ಡು ಸುರಿಯಾಕೆ ನಿಂಗೇನವ್ವ, ತಲೆ ಕೆಟ್ಟೈತಾ?"

"ನನ್ ಜೊತೆ ಯಾರ್ಲಾ ಬತ್ತಾರೆ? ನೀನು ರಜಾ ಹಾಕ್ತೀಯಾ?"

"ಯಾರಾದ್ರೂ ಬತ್ತಾರೆ ಬುಡು."

ಪಕ್ಕದ ಮನೆಯಾಕೆ ಬಂದಳು. ಪ್ರತಿ ಸಲವೂ ಎರಡು ದಿನ ಹಾಳು. ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ. ಮರಳುವಾಗ ಬಸ್ಸಿನುದ್ದಕ್ಕೂ ಅತ್ತೆಗೆ ವಾಂತಿ. ನಮ್ಮ ಕಡೆ ಒಬ್ಬರು ಕೆಲಸ ಬಿಟ್ಟು ನೆರವಿಗೆ ಬಂದರೆ, ಅಷ್ಟೇ ದಿನ ಅವರ ಗದ್ದೆಯಲ್ಲಿ ದುಡಿದು ತೀರಿಸಬೇಕು. ಅದು ಮುಯ್ಯಿ. ಅದಕ್ಕೆ ದುಡ್ಡು ಕೊಡುವಂತಿಲ್ಲ. ಪಕ್ಕದ ಮನೆಯಾಕೆ ಮುಯ್ಯಿಯನ್ನು ಯಾವತ್ತೂ ಕೇಳಲಿಲ್ಲ. ಅತ್ತೆಯೇ ಬಿಡಲಿಲ್ಲ. "ಮುಯ್ಯಿ ಉಳಿಸ್ಕಂಡೋಳ ಬಾಗ್ಲಿಗೆ ನಾಳೆ ಯಾರು ಬತ್ತಾರೆ?" ಎನ್ನುತ್ತಿದ್ದರು.

ಡ್ರಿಪ್ಪಿನಿಂದ ರಕ್ತದ ಬಲ ಕುಗ್ಗಿರುತ್ತದೆ, ಸಣ್ಣ ಗಾಯವೂ ನಂಜೇರಬಹುದು, ಕೆಸರಿಗೆ ಇಳಿಯಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಗುಳಿಗೆಯೂ ಬಲ ಕುಗ್ಗಿಸುತ್ತದೆ. ಅದಕ್ಕೆ ಜೊತೆಗೊಬ್ಬರು ಬೇಕಿಲ್ಲ, ಮುಯ್ಯಿ ಬೀಳುವುದಿಲ್ಲ, ಅಷ್ಟೆ.

ನಾಟಿಯಲ್ಲಿ ಅತ್ತೆಯನ್ನು ಹಿಂದೆ ಹಾಕಿದವರಿರಲಿಲ್ಲ. ಆ ವರ್ಷ ಮುಯ್ಯಿ ತೀರಿಸಲು ಪಕ್ಕದ ಮನೆಯಾಕೆಯ ಗದ್ದೆಗೆ ಇಳಿದವರು ಸಾಲಿನಲ್ಲಿ ಕೊನೆಯವರಾದರು. ಬದುವಿನ ಮೇಲೆ ನಿಂತಿದ್ದ ನನಗೆ ಪ್ರತಿ ಮಾತೂ ಕೇಳುತ್ತಿತ್ತು.

"ಅಕ್ಕಯ್ಯ, ಮ್ಯಾಕೆ ಹೋಗಿ ಕೂತ್ಕೊ. ನಿನ್ ಮುಯ್ಯಿ ಯಾವಳಿಗೆ ಬೇಕಾಗೈತೆ?" ಎಂದಳು ಪಕ್ಕದ ಮನೆಯಾಕೆ.

"ನಂಗೆ ಬೇಕು ಕಣೇ. ಸುಮ್ಕೆ ಕೈ ಆಡ್ಸು, ಮೆರವಣಿಗೇಲಿ ಬಂದಂಗೆ ಬರ್ತಾವ್ಳೆ!"

ಕಾಲ್ಬೆರಳಿನ ಸಂದಿಯ ಸಣ್ಣ ಗಾಯದಲ್ಲಿ ಕೀವು ತುಂಬಿತು. ಚಳಿಜ್ವರ ಬಂತು. ಮಂಡ್ಯದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮಾತು ನಿಂತುಹೋಗಿತ್ತು. ಆ ವಾರವೇ ತೀರಿಕೊಂಡರು.

ಸಾವಿಗೆ ಬಂದವರಿಗೆಲ್ಲ ಮಗ ಹೇಳುತ್ತಿದ್ದ: "ದೊಡ್ಡಾಸ್ಪತ್ರೇಲೇ ತೋರಿಸ್ದೊ. ಔಸ್ದಿಗೆ ಒಂದ್ ರೂಪಾಯಿ ಖರ್ಚಾಗ್ನಿಲ್ಲ."

ಒಂದು ದಿನದ ಮುಯ್ಯಿ ಉಳಿದಿತ್ತು. ತಿಥಿಯ ಮಾರನೆಯ ಬೆಳಿಗ್ಗೆ ಮಗ ಕೂಲಿ ಹೆಂಗಸೊಬ್ಬಳನ್ನು ಪಕ್ಕದ ಮನೆಯಾಕೆಯ ಗದ್ದೆಗೆ ಕಳಿಸಿ, ನಾಗಮಂಗಲದ ಬಸ್ಸು ಹತ್ತಿದ. ಪಕ್ಕದ ಮನೆಯಾಕೆ ಅವಳನ್ನು ಗದ್ದೆಗೆ ಇಳಿಸದೆ ವಾಪಸು ಕಳಿಸಿದಳು.