ಕುಣಿಗಲ್ಲಿನಲ್ಲಿ ಇಳಿಯುವ ಹೊಂಬಾಳಮ್ಮ

ತುಮಕೂರಿನಿಂದ ಹೊರಡುವ ಟೂರಿಸ್ಟ್ ಬಸ್ಸನ್ನು ಜನ ಹತ್ತುವುದು ನಾಲ್ಕು ಊರು ನೋಡುವುದಕ್ಕೆ. ಊರಂಚಿನ ಶೆಟ್ಟಿಹಳ್ಳಿಯ ಹೊಂಬಾಳಮ್ಮ ಹತ್ತುತ್ತಿದ್ದದ್ದು ಇಳಿಯುವುದಕ್ಕೆ. ಧರ್ಮಸ್ಥಳದ ಬಸ್ಸಾದರೆ ಕುಣಿಗಲ್ಲಿನಲ್ಲಿ ಇಳಿಯುತ್ತಿದ್ದಳು, ಜೋಗದ ಬಸ್ಸಾದರೆ ಗುಬ್ಬಿಯಲ್ಲಿ. ಇಳಿದವಳು ಲೈನ್ ಬಸ್ಸು ಹಿಡಿದು ಸಂಜೆ ಆರಕ್ಕೆಲ್ಲ ಮನೆ ಸೇರಿ, ಏನೂ ಆಗಿಲ್ಲವೆನ್ನುವ ಹಾಗೆ ಮುದ್ದೆಗೆ ಎಸರಿಡುತ್ತಿದ್ದಳು. ನೋಡಿದವರು ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಕೆಟ್ಟಿರಲಿಲ್ಲ. ಆ ಕಾಲಕ್ಕೆ ಊರಿನಲ್ಲಿ ನೆಟ್ಟಗೆ ಓಡುತ್ತಿದ್ದ ಕೆಲವೇ ತಲೆಗಳಲ್ಲಿ ಅದೂ ಒಂದು.

ಹುಟ್ಟಿದ್ದು ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ. ಗಂಡ ದಾಸಯ್ಯ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ, ಇಬ್ಬರು ಗಂಡುಮಕ್ಕಳು ಗ್ಯಾರೇಜಿಗೆ ಹೋಗುತ್ತಿದ್ದರು. ಇವಳು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಆಯಾ. ಬೆಲ್ಲು ಹೊಡೆಯುವುದು, ಹಂಡೆಗೆ ನೀರು ತುಂಬಿಸುವುದು, ಹೆಡ್ ಮಿಸ್ ಅಂಬುಜಮ್ಮನವರಿಗೆ ಹತ್ತೂವರೆಗೆ ಕಾಫಿ ತರುವುದು. ಬಾಯಿ ಜೋರು. ಆದರೆ ಆ ಬಾಯಿಗೆ ಹೆದರಿದ ಮಗು ಒಂದೂ ಇರಲಿಲ್ಲ.

ಶಾಲೆಯಲ್ಲಿ ಪ್ರತಿ ಡಿಸೆಂಬರಿಗೂ ಟೂರು. ದುಡ್ಡು ಕಟ್ಟಿದವರು ಹೋಗುತ್ತಿದ್ದರು. ಕಟ್ಟಲಾಗದವರು ಉಳಿದು, ಹೊಂಬಾಳಮ್ಮನ ಉಸ್ತುವಾರಿಯಲ್ಲಿ ಹಿತ್ತಲಿನ ಕಳೆ ಕೀಳುತ್ತಿದ್ದರು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಮೊದಲಿನಿಂದ ಹಾಗೇ ನಡೆದುಕೊಂಡು ಬಂದಿತ್ತು. ಕೆಟ್ಟ ಮನಸ್ಸಿನವರನ್ನಾದರೂ ಬೈಯಬಹುದು, ನಡೆದುಕೊಂಡು ಬಂದದ್ದನ್ನು ಯಾರು ಬೈಯುತ್ತಾರೆ? ಎಪ್ಪತ್ತಾರರ ಡಿಸೆಂಬರಿನಲ್ಲಿ ಐದನೇ ಕ್ಲಾಸಿನ ಹನ್ನೊಂದು ಹುಡುಗಿಯರು ಉಳಿದರು. ಟೂರಿನವರು ಹಿಂತಿರುಗಿ ಸಮುದ್ರದ ಸುದ್ದಿ ಹೇಳುವಾಗ ಈ ಹನ್ನೊಂದೂ ಹಿಂದಿನ ಬೆಂಚಿನಲ್ಲಿ ಬಾಯಿ ಬಿಟ್ಟು ಕೇಳಿಸಿಕೊಳ್ಳುತ್ತಿದ್ದವು. ಹೊಂಬಾಳಮ್ಮ ಕಿಟಕಿಯಿಂದ ನೋಡಿದಳು. ಈ ಹನ್ನೊಂದನ್ನೂ ಒಂದು ಸಲ ಸಮುದ್ರಕ್ಕೆ ಕರೆದುಕೊಂಡು ಹೋಗಬೇಕು, ಏಳನೇ ಕ್ಲಾಸು ಮುಗಿಯುವುದರೊಳಗೆ. ಏಳು ಮುಗಿದರೆ ಅವರಲ್ಲಿ ಮುಂದೆ ಓದುವವರು ಯಾರೂ ಇರಲಿಲ್ಲ. ಊದುಬತ್ತಿ ಹೊಸೆಯುವುದಕ್ಕೋ, ಮನೆಗೆಲಸಕ್ಕೋ ಚೆಲ್ಲಾಪಿಲ್ಲಿಯಾಗಿ ಹೋಗುವವರೇ. ಆಸೆಯೇನೋ ಹುಟ್ಟಿತು. ಆದರೆ ಆಯಾ ಸಂಬಳದಲ್ಲಿ ಹನ್ನೊಂದು ಜನರಿಗೆ ಸಮುದ್ರ ಎಲ್ಲಿಂದ ತರುವುದು?

ದಾರಿ ತೋರಿಸಿದವನು ಮಹಾಲಿಂಗಯ್ಯ. ತೋರಿಸಬೇಕೆಂದು ತೋರಿಸಿದ್ದಲ್ಲ, ಪಾಪ.

ಮಹಾಲಿಂಗಯ್ಯನದು ಒಂದೇ ಒಂದು ಟೂರಿಸ್ಟ್ ಬಸ್ಸು, ನಲವತ್ತೆಂಟು ಸೀಟು. ತಿಂಗಳಿಗೊಂದೆರಡು ಶನಿವಾರ ಮಧ್ಯಾಹ್ನ ಎರಡಕ್ಕೆ ಹೊರಡುತ್ತಿತ್ತು. ಅವನು ಮಾರುತ್ತಿದ್ದ ಟಿಕೆಟ್ಟು ಐವತ್ತನಾಲ್ಕು. ಕೇಳಿದರೆ ಅದಕ್ಕೊಂದು ಶಾಸ್ತ್ರ ಹೇಳುತ್ತಿದ್ದ. "ನಮ್ ಕಡೆ ಐವತ್ನಾಲ್ಕು ಜನ ದೇವಸ್ಥಾನಕ್ಕೆ ಅಂತ ಹೊರಟ್ರೆ ಆರು ಜನಕ್ಕೆ ಸೂತಕ ಬಂದೇ ಬರ್ತದೆ ಕಣ್ರೀ. ದಾಯಾದಿ ಸಾಯ್ತಾನೆ, ಇಲ್ಲ ದಾಯಾದಿ ಮನೇಲಿ ಮಗು ಹುಟ್ತದೆ. ಆ ಸೀಟು ಖಾಲಿ ಹೊಡ್ಕೊಂಡ್ ಹೋಗ್ಲಾ ನಾನು?" ಶಾಸ್ತ್ರ ಸುಳ್ಳಾಗುತ್ತಿರಲಿಲ್ಲ. ಆದರೆ ಒಂದೊಂದು ವಾರ ಯಾರೂ ಸಾಯುತ್ತಿರಲಿಲ್ಲ, ಯಾರೂ ಹುಟ್ಟುತ್ತಲೂ ಇರಲಿಲ್ಲ. ಆಗ ಐವತ್ತನಾಲ್ಕೂ ಜನ ಗಟ್ಟಿಮುಟ್ಟಾಗಿ ಬಂದು ನಿಲ್ಲುತ್ತಿದ್ದರು, ಕೊನೆಯ ಆರು ಜನ ಹತ್ತುವ ಕುಣಿಗಲ್ಲಿನಲ್ಲಿ ಮಹಾಲಿಂಗಯ್ಯನ ಶರ್ಟಿನ ಕಾಲರ್ ಯಾರದಾದರೂ ಕೈಯಲ್ಲಿರುತ್ತಿತ್ತು.

ಎಪ್ಪತ್ತೇಳರ ಜನವರಿಯಲ್ಲಿ ಹೊಂಬಾಳಮ್ಮ ಮಂಜುನಾಥನಿಗೆ ಹೊತ್ತ ಹರಕೆ ತೀರಿಸಲು ಕೂಡಿಟ್ಟ ದುಡ್ಡಿನಲ್ಲಿ ಒಂದು ಟಿಕೆಟ್ಟು ತೆಗೆಸಿ ಹೊರಟಿದ್ದಳು. ಅದು ಯಾರೂ ಸಾಯದ ವಾರ. ಕುಣಿಗಲ್ಲಿನಲ್ಲಿ ಎಳೆಗೂಸು ಎತ್ತಿಕೊಂಡ ಬಾಣಂತಿಯೊಬ್ಬಳು ಟಿಕೆಟ್ ಹಿಡಿದು ಬಿಸಿಲಲ್ಲಿ ಅಳುತ್ತ ನಿಂತಿದ್ದಳು. ಹೊಂಬಾಳಮ್ಮ ಎದ್ದು ಸೀಟು ಬಿಟ್ಟಳು. ಮಹಾಲಿಂಗಯ್ಯನಿಗೆ ಹೋದ ಜೀವ ಬಂದಂತಾಗಿ, "ತಾಯೀ, ಮುಂದೆ ಯಾವ ಟ್ರಿಪ್ಪಿಗಾದರೂ ನಿನಗೆ ಒಂದಲ್ಲ, ಎರಡು ಸೀಟು ಪುಕ್ಕಟೆ" ಎಂದು ಟಿಕೆಟ್ಟಿನ ಹಿಂದೆ ಎರಡು ಚೀಟಿ ಬರೆದು ರುಜು ಹಾಕಿ ಕೊಟ್ಟ. ಪುಕ್ಕಟೆ ಚೀಟಿ ಯಾರು ನೆನಪಿಟ್ಟುಕೊಂಡು ತರುತ್ತಾರೆ ಎಂಬುದು ಅವನ ಲೆಕ್ಕ.

ತುಮಕೂರಿಗೆ ವಾಪಸು ಬರುವ ಲೈನ್ ಬಸ್ಸಿನಲ್ಲಿ ಕೂತು ಹೊಂಬಾಳಮ್ಮ ಆ ಎರಡು ಚೀಟಿಯನ್ನೇ ನೋಡಿದಳು. ಒಂದನ್ನು ಕೊಟ್ಟು ಹತ್ತಿದರೆ, ಇಳಿಯುವಾಗ ಎರಡು. ಇನ್ನೊಂದು ಸಲ ಹತ್ತಿದರೆ ಮತ್ತೆ ಎರಡು. ಹನಿಗೂಡಿದರೆ ಹಳ್ಳ, ಹಳ್ಳ ಹರಿದರೆ ಸಮುದ್ರ. "ಮಂಜುನಾಥಾ, ಹರಕೆ ಸ್ವಲ್ಪ ತಡವಾಯ್ತದೆ, ಬೇಜಾರ್ ಮಾಡ್ಕೋಬೇಡಪ್ಪ" ಎಂದು ಅಲ್ಲೇ ಕೈ ಮುಗಿದಳು.

ಈ ವ್ಯಾಪಾರದಲ್ಲಿ ಒಂದೇ ತೊಡಕು. ಬಸ್ಸು ಉಕ್ಕಿ ಹರಿಯುವ ವಾರ ಯಾವುದೆಂದು ಮೊದಲೇ ತಿಳಿಯಬೇಕು. ಅದಕ್ಕೆ ಅವಳು ಕಂಡುಕೊಂಡ ಪಂಚಾಂಗ ಮಾರ್ಕೆಟ್ಟಿನ ಹೂವಿನ ಗುಂಡಯ್ಯ. ಹೆಣದ ಹಾರಕ್ಕೆ ಊರೆಲ್ಲ ಅವನಲ್ಲಿಗೇ ಬರುತ್ತಿತ್ತು. ಶುಕ್ರವಾರ ಸಂಜೆ ಹೋಗಿ ಕೇಳುವಳು: "ಹೆಂಗಿದೆ ಗುಂಡಣ್ಣ ವ್ಯಾಪಾರ?"

"ಏನ್ ಕೇಳ್ತೀಯವ್ವ, ಈ ವಾರ ಒಬ್ರೂ ಸತ್ತಿಲ್ಲ. ಚೆಂಡುಹೂವು ಕೊಳೀತಾ ಬಿದ್ದವೆ."

"ಒಳ್ಳೇದಾಯ್ತು ಬುಡು!" ಎಂದು ಹೊಂಬಾಳಮ್ಮ ಸೆರಗು ಬಿಗಿದು ಮನೆಗೆ ನಡೆಯುವಳು. ಸತ್ತವರಿಲ್ಲದಿದ್ದರೆ ಸೂತಕವಿಲ್ಲ, ಸೂತಕವಿಲ್ಲದಿದ್ದರೆ ಬಸ್ಸು ಭರ್ತಿ. ಮಾರನೆಯ ದಿನ ಶಾಲೆಯ ಅರ್ಧ ದಿನ ಮುಗಿಸಿ, ಯಾರಿಗೂ ಅನುಮಾನ ಬರದಂತೆ ಚೀಲಕ್ಕೆ ಒಂದು ದಿಂಬು ತುರುಕಿಕೊಂಡು ಬಸ್ಸು ಹತ್ತುವಳು. ಕುಣಿಗಲ್ಲಿನಲ್ಲಿ ಕೂಗಾಟ ಶುರುವಾಗಿ ಮಹಾಲಿಂಗಯ್ಯನ ಮುಖ ಸಣ್ಣದಾಗುವ ತನಕ ಕಿಟಕಿಯಾಚೆ ನೋಡುತ್ತ ಕೂತಿದ್ದು, ಆಮೇಲೆ ದೊಡ್ಡ ಉಪಕಾರ ಮಾಡುವವಳಂತೆ ಏಳುವಳು. "ಇಳೀತೀನಿ. ಎರಡು ಚೀಟಿ ಬರಿ. ವಾಪಸ್ ಬಸ್ ಚಾರ್ಜೂ ಕೊಡು."

ಗುಂಡಯ್ಯನ ಪಂಚಾಂಗ ಒಂದು ಸಲ ಕೈಕೊಟ್ಟಿತು. ಎಲ್ಲರಿಗೂ ಸೀಟಾಗಿ, ಇಳಿ ಎನ್ನುವವರಿಲ್ಲದೆ ಹೊಂಬಾಳಮ್ಮ ನಿಜವಾಗಿಯೂ ಟೂರಿಗೆ ಹೋಗಬೇಕಾಗಿ ಬಂತು. ಬೇಲೂರಿನ ಶಿಲಾಬಾಲಿಕೆಯರ ಮುಂದೆ ನಿಂತು ಜನ "ಆಹಾ" ಎನ್ನುತ್ತಿದ್ದರೆ ಇವಳು "ಅಯ್ಯೋ, ಒಂದು ಚೀಟಿ ಹೋಯ್ತಲ್ಲ" ಎಂದು ಹಲುಬಿದಳಂತೆ. ಬದಲಿಸಲು ಇನ್ನೊಂದು ಸೀರೆಯೂ ಇರಲಿಲ್ಲ, ದಿಂಬು ಮಾತ್ರ ಇತ್ತು.

ಎರಡು ವರ್ಷ ಹೀಗೇ ನಡೆಯಿತು. ಎಪ್ಪತ್ತೊಂಬತ್ತರ ಫೆಬ್ರವರಿಗೆ ಅವಳ ಕೈಯಲ್ಲಿ ಹನ್ನೆರಡು ಚೀಟಿ ಸೇರಿತು: ಹನ್ನೊಂದು ಮಕ್ಕಳಿಗೆ, ಒಂದು ಅವಳಿಗೆ. ಮಕ್ಕಳು ಏಳನೇ ಕ್ಲಾಸಿನಲ್ಲಿದ್ದರು. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಮುಗಿಯಿತು. ಹನ್ನೊಂದು ಮನೆಗೂ ಹೋಗಿ, ಒಪ್ಪದ ಅಪ್ಪಂದಿರನ್ನು ಬೈದು, ಹೆದರಿದ ಅಮ್ಮಂದಿರಿಗೆ ಆಣೆ ಇಟ್ಟು ಒಪ್ಪಿಸಿದಳು. ಅಂಬುಜಮ್ಮನವರು "ನಿನ್ನ ಜವಾಬ್ದಾರಿ ಕಣೇ, ಹುಷಾರು" ಎಂದು ಎರಡು ದಿನ ರಜ ಕೊಟ್ಟರು. ಮಂಗಳೂರಿನ ಟ್ರಿಪ್ಪಿಗೆ ಇಪ್ಪತ್ತೊಂದರಿಂದ ಮೂವತ್ತೆರಡರ ತನಕ ಸೀಟಿಗೆ ಮಹಾಲಿಂಗಯ್ಯನಿಂದಲೇ ನಂಬರು ಹಾಕಿಸಿದಳು. ಅವನು ಹನ್ನೆರಡೂ ಚೀಟಿಯಲ್ಲಿ ತನ್ನದೇ ರುಜು ನೋಡಿ ಬೆವರೊರೆಸಿಕೊಂಡ.

ಈ ಸಲ ಅವಳಿಗೆ ಬೇಕಾಗಿದ್ದದ್ದು ಖಾಲಿ ಬಸ್ಸು. ಶುಕ್ರವಾರ ಗುಂಡಯ್ಯನನ್ನು ಕೇಳಿದಾಗ ಅವನ ಮುಖ ಅರಳಿತ್ತು. "ನಲವತ್ತು ಹಾರ ಹೋಯ್ತು ಕಣವ್ವ, ಸೀಸನ್ನು!" ಹೊಂಬಾಳಮ್ಮ ಹಗುರಾಗಿ ಮನೆಗೆ ಹೋದಳು. ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮಹಾಲಿಂಗಯ್ಯನೂ ಗುಂಡಯ್ಯನನ್ನೇ ಕೇಳುತ್ತಿದ್ದ. ನಲವತ್ತು ಹಾರ ಎಂದು ಕೇಳಿದವನೇ ಆರು ಬಿಟ್ಟು ಹದಿನಾರು ಟಿಕೆಟ್ಟು ಹೆಚ್ಚಿಗೆ ಮಾರಿದ್ದ. ಇಬ್ಬರಿಗೂ ಗೊತ್ತಿಲ್ಲದ್ದು ಇನ್ನೊಂದು: ಆ ನಲವತ್ತು ಹಾರವೂ ಬಿದ್ದದ್ದು ಒಂದೇ ಹೆಣಕ್ಕೆ, ಮರಳೂರಿನ ತೊಂಬತ್ತು ದಾಟಿದ ಯಜಮಾನರೊಬ್ಬರಿಗೆ. ಅವರ ವಂಶದಲ್ಲಿ ಟೂರಿಗೆ ಟಿಕೆಟ್ ತೆಗೆಸಿದವರು ನಾಲ್ಕೇ ಜನ.

ಕುಣಿಗಲ್ಲಿನಲ್ಲಿ ಬಸ್ಸು ನಿಂತಾಗ ಬಸ್ಸಿನಲ್ಲಿ ನಾಲ್ಕು ಸೀಟು ಖಾಲಿ, ಕೆಳಗೆ ಟಿಕೆಟ್ ಹಿಡಿದವರು ಹದಿನಾರು ಜನ. ಮಹಾಲಿಂಗಯ್ಯ ಲೆಕ್ಕ ಹಾಕಿದ. ಹನ್ನೆರಡು ಸೀಟು ಬೇಕು. ಸೀದಾ ಹೊಂಬಾಳಮ್ಮನ ಹತ್ತಿರ ಬಂದ.

"ಇಳ್ಕೊಳ್ಳವ್ವ. ನಿನಗೇನು ಹೊಸದಾ?"

"ಇವತ್ತು ಆಗಾಕಿಲ್ಲ."

"ಹನ್ನೆರಡಕ್ಕೆ ಇಪ್ಪತ್ನಾಲ್ಕು ಬರ್ಕೊಡ್ತೀನಿ. ಮುಂದಿನ್ ವರ್ಷ ಇಡೀ ಕ್ಲಾಸೇ ಕರ್ಕೊಂಡ್ ಹೋಗು. ಯೋಚ್ನೆ ಮಾಡು."

ಹೊಂಬಾಳಮ್ಮ ಯೋಚನೆ ಮಾಡಿದಳು, ಸುಳ್ಳೇಕೆ ಹೇಳಬೇಕು. ಇಪ್ಪತ್ತನಾಲ್ಕು ಎಂದರೆ ಎರಡು ವರ್ಷದ ದುಡಿಮೆ ಒಂದೇ ಏಟಿಗೆ. ಎಂದೂ ಸಿಗದ ವ್ಯಾಪಾರ. ರೂಢಿಯಲ್ಲಿದ್ದ ಕೈ ಚೀಟಿಗೆಂದು ಅರ್ಧ ಮುಂದೆ ಹೋಯಿತು ಕೂಡ. ಆಗ ಹಿಂದೆ ಏನೋ ಸದ್ದಾಯಿತು, ತಿರುಗಿ ನೋಡಿದಳು. ಗಂಗಹನುಮಕ್ಕ ಎನ್ನುವ ಹುಡುಗಿ ಆಗಲೇ ತನ್ನ ಬಟ್ಟೆಯ ಗಂಟು ಎತ್ತಿಕೊಂಡು ಎದ್ದು ನಿಂತಿದ್ದಳು. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಉಳಿದ ಹತ್ತೂ ಒಂದೊಂದಾಗಿ ಗಂಟು ಎತ್ತಿಕೊಳ್ಳುತ್ತಿದ್ದವು. ಇಳಿಯಿರಿ ಎಂದು ಯಾರೂ ಇನ್ನೂ ಅವರಿಗೆ ಹೇಳಿರಲಿಲ್ಲ.

ಅದನ್ನು ನೋಡಿ ಹೊಂಬಾಳಮ್ಮನಿಗೆ ಬಂದ ಸಿಟ್ಟು ಮಹಾಲಿಂಗಯ್ಯನ ಮೇಲೆ ಅರ್ಧ, ತನ್ನ ಮೇಲೆ ಅರ್ಧ.

"ಕೂತ್ಕೊಳ್ರೇ!" ಎಂದು ಗದರಿದಳು. ಹನ್ನೊಂದೂ ಧೊಪ್ಪೆಂದು ಕೂತವು. "ಯಾವೋನು ಇಳ್ಸ್ತಾನೋ ನೋಡೇಬುಡ್ತೀನಿ."

ಕೆಳಗಿನವರು ಬಾಗಿಲು ಬಡಿಯತೊಡಗಿದರು. ಮಹಾಲಿಂಗಯ್ಯ ಕೈ ಮುಗಿದ. "ನಿನ್ ಕಾಲಿಗ್ ಬೀಳ್ತೀನಿ. ಹನ್ನೆರಡು ಜನ ಇಳೀಲೇಬೇಕಲ್ಲವ್ವ, ನಾನೇನ್ ಮಾಡ್ಲಿ?"

"ಇಳೀಬೇಕು ತಾನೆ? ಇಳಿಯೋರು ನಾನೊಬ್ಳೇನಾ ಇರೋದು?" ಎಂದವಳೇ ಡ್ರೈವರಿನ ಪಕ್ಕದ ಬಾನೆಟ್ಟಿನ ಹತ್ತಿರ ಹೋಗಿ ನಿಂತು, ಶಾಲೆಯ ಮೈದಾನದಲ್ಲಿ ಕೂಗುವ ದನಿಯಲ್ಲೇ ಕೂಗಿದಳು. "ಕೇಳ್ರಪ್ಪಾ ಎಲ್ಲಾರೂ! ಈಗ ಯಾರು ಇಳೀತಾರೋ ಅವರಿಗೆ ಒಂದು ಸೀಟಿಗೆ ಎರಡು ಸೀಟು, ಮುಂದಿನ ಟ್ರಿಪ್ಪಿಗೆ ಪುಕ್ಕಟೆ! ವಾಪಸ್ ಬಸ್ ಚಾರ್ಜ್ ಬೇರೆ! ಎರಡು ವರ್ಷದಿಂದ ನಾನು ತಿಂದಿದೀನಿ, ಮೋಸ ಇಲ್ಲ. ಇಗೋ, ಮಾಲೀಕ್ರು ಇಲ್ಲೇ ಅವ್ರೆ, ರುಜು ಹಾಕ್ತಾರೆ!"

ಈ ಹೆಂಗಸು ಪ್ರತಿ ಸಲ ಯಾಕೆ ಇಳಿಯುತ್ತಾಳೆ ಎನ್ನುವುದು ಆಗ ಎಲ್ಲರಿಗೂ ಹೊಳೆಯಿತು. ಮೊದಲು ಎದ್ದವರು ಅಣ್ಣಯ್ಯಪ್ಪ ಎಂಬ ರಿಟೈರ್ಡ್ ಮೇಷ್ಟ್ರು. "ನಾನು ಸಮುದ್ರ ಮೂರು ಸಲ ನೋಡಿದೀನಿ, ಅದೇನ್ ಬದಲಾಗಿರಲ್ಲ. ನಮ್ಮಿಬ್ಬರಿಗೂ ಬರೀರಿ" ಎಂದು ಹೆಂಡತಿಯನ್ನೂ ಎಬ್ಬಿಸಿದರು. ಹಿಂದಿನ ಸೀಟಿನ ಐದು ಜನದ ಸಂಸಾರ ಎದ್ದಿತು. ಇನ್ನಾರು ಜನ ಎದ್ದರು. ಅಲ್ಲಿಗೆ ಹದಿಮೂರಾಯಿತು, ಸಾಕಿತ್ತು. ಆದರೆ ಜನ ಒಂದು ಸಲ ಎದ್ದರೆ ನಿಲ್ಲುತ್ತಾರೆಯೇ? ಕೆಳಗೆ ನಿಂತವರಲ್ಲೇ ಏಳು ಜನ "ನಾವು ಹತ್ತೋದೇ ಇಲ್ಲ, ನಮಗೂ ಎರಡೆರಡು ಬರೀರಿ" ಎಂದು ಕಿಟಕಿಯೊಳಗೆ ಕೈ ಚಾಚಿದರು. ಹತ್ತು ನಿಮಿಷದ ಹಿಂದೆ ಸೀಟಿಗಾಗಿ ಬಾಗಿಲು ಬಡಿದವರು ಇವರೇ!

"ಸಾಕ್ರಪ್ಪೋ! ಕೂತ್ಕೊಳ್ರೋ! ನಿಮ್ ದಮ್ಮಯ್ಯ, ಟೂರಿಗೆ ಬರ್ರೋ!" ಎಂದು ಮಹಾಲಿಂಗಯ್ಯ ಅಂಗಲಾಚಿದ. ಬಾನೆಟ್ಟಿನ ಮೇಲೆ ಟಿಕೆಟ್ ಬುಕ್ಕು ಇಟ್ಟುಕೊಂಡು ರುಜು ಹಾಕಿ ಹಾಕಿ ಅವನ ಪೆನ್ನಿನ ಇಂಕು ಮುಗಿಯಿತು. ಹೊಂಬಾಳಮ್ಮ ಡ್ರೈವರಿನ ಪೆನ್ನು ಕಿತ್ತು ಕೊಟ್ಟಳು. ಅಂದಿನಿಂದ ಅವನು ಸೀಟಿಗಿಂತ ಒಂದು ಟಿಕೆಟ್ಟನ್ನೂ ಹೆಚ್ಚಿಗೆ ಮಾರಲಿಲ್ಲ.

ಕುಣಿಗಲ್ ಬಿಡುವಾಗ ಬಸ್ಸಿನಲ್ಲಿ ಎಂಟು ಸೀಟು ಖಾಲಿ. ಹುಡುಗಿಯರು ಕಿಟಕಿಗೊಬ್ಬರಂತೆ ಹಂಚಿಕೊಂಡು ಕೂತು, ಶಿರಾಡಿ ಘಾಟಿಯ ತನಕ ಹಾಡಿದ್ದೇ ಹಾಡಿದ್ದು. ಮಾರನೆಯ ದಿನ ಧರ್ಮಸ್ಥಳದಲ್ಲಿ ಮಂಜುನಾಥನ ಬಾಕಿ ತೀರಿತು, ಮಧ್ಯಾಹ್ನ ಮಂಗಳೂರು ಬಂತು.

ಸಮುದ್ರ ಕಂಡೊಡನೆ ಹನ್ನೊಂದೂ ಲಂಗ ಎತ್ತಿ ಕಟ್ಟಿ ಓಡಿದವು. ದೊಡ್ಡದೊಂದು ಅಲೆ ಬಂದು ಎಲ್ಲರನ್ನೂ ಮುಚ್ಚಿದಾಗ ಹೊಂಬಾಳಮ್ಮ ತಲೆ ಎಣಿಸತೊಡಗಿದಳು. ಆಣೆ ಇಟ್ಟು ಕರೆತಂದ ಮಕ್ಕಳು! ಲೆಕ್ಕ ಸಿಗದೆ, ದಡದಲ್ಲಿ ನಿಂತು, ಮೂರು ವರ್ಷ ಕ್ಲಾಸಿನ ಬಾಗಿಲ ಹೊರಗಿನಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದ ಹಾಜರಿಯ ಹೆಸರುಗಳನ್ನು ಒಂದೊಂದಾಗಿ ಕೂಗಿದಳು. ಮೊದಲ ಹೆಸರಿಗೆ ನೊರೆಯೊಳಗಿಂದ ಗಂಗಹನುಮಕ್ಕನ ಒದ್ದೆ ಕೈ ಮೇಲೆದ್ದಿತು.

"ಪ್ರೆಸೆಂಟ್ ಮಿಸ್!"

ಆಯಾ ಹೊಂಬಾಳಮ್ಮನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಇನ್ನೂ ಹತ್ತು ಹೆಸರು ಉಳಿದಿದ್ದವು, ಇನ್ನಷ್ಟು ದೊಡ್ಡ ದನಿಯಲ್ಲಿ ಕೂಗಿದಳು. ಹತ್ತೂ ಕೈ ಎದ್ದವು.